ಊರಿನ ಚರಿತ್ರೆಗೆ ಊರಲ್ಲೇ ಒಂದು ಕಪಾಟು

ಧರ್ಮಪುರಿ ಜಿಲ್ಲೆಯ ಹರೂರು ಸೀಮೆಯಲ್ಲಿ ವೇಡಿಯಪ್ಪನನ್ನು ಮನೆದೇವರೆಂದು ನಂಬಿದವರು ಬಹಳ. ಎಷ್ಟೋ ಕಡೆ ಈ ದೇವರಿಗೆ ಗೋಪುರವಿಲ್ಲ, ಗರ್ಭಗುಡಿಯಿಲ್ಲ. ಹೊಲದ ಬದುವಿನಲ್ಲೋ ಹುಣಸೆಮರದ ಬುಡದಲ್ಲೋ ನೆಟ್ಟ ಒಂದು ಚಪ್ಪಡಿ ಕಲ್ಲೇ ದೇವರು. ಕಲ್ಲಿನ ಮೇಲೆ ಬಿಲ್ಲನ್ನೋ ಕತ್ತಿಯನ್ನೋ ಹಿಡಿದು ಮುನ್ನುಗ್ಗುವ ಗಂಡಾಳು. ಹರಕೆ ಹೊತ್ತವರು ಎಣ್ಣೆ ಎರೆದು, ಅರಿಶಿನ ಕುಂಕುಮ ಹಚ್ಚಿ, ಪೊಂಗಲಿಟ್ಟು ಕೈಮುಗಿಯುತ್ತಾರೆ. ಕೆಲವು ಕಲ್ಲುಗಳಲ್ಲಿ ಆ ಗಂಡಾಳಿನ ತಲೆಯ ಮೇಲಿನ ಜಾಗವನ್ನು ಸಂಜೆಯ ಓರೆ ಬೆಳಕಿನಲ್ಲಿ ನೋಡಿದರೆ ಸಾಲು ಸಾಲು ಗೀರುಗಳು ಕಾಣುತ್ತವೆ. ಅವು ವಟ್ಟೆಳುತ್ತು ಎಂಬ ಹಳೆಯ ತಮಿಳು ಲಿಪಿಯ ಅಕ್ಷರಗಳು. ಸುಮಾರು 1400 ವರ್ಷಗಳ ಹಿಂದೆ, ಪಲ್ಲವ ಅರಸರ ಕಾಲದಲ್ಲಿ, ದನ ಹೊಡೆದುಕೊಂಡು ಹೋಗಲು ಬಂದವರಿಗೆ ಅಡ್ಡ ನಿಂತು ಸತ್ತವನ ಹೆಸರು, ಅವನ ಊರು, ಆಗ ಆಳುತ್ತಿದ್ದ ಅರಸನ ಆಳ್ವಿಕೆಯ ವರ್ಷ ಅಲ್ಲಿರುತ್ತವೆ. ತಮಿಳಿನಲ್ಲಿ ಇದು ನಡುಕಲ್. ಕನ್ನಡದವರಿಗೆ ಬಿಡಿಸಿ ಹೇಳಬೇಕಾಗಿಲ್ಲ, ನಮ್ಮ ವೀರಗಲ್ಲೇ ಇದು.

ನಾನು ಹರೂರಿನಲ್ಲಿ ಹುಟ್ಟಿ ಬೆಳೆದವಳು, ಅಲ್ಲೇ ಸುತ್ತಮುತ್ತಲಿನ ಶಾಲೆಗಳಲ್ಲಿ ತಮಿಳು ಮಾಧ್ಯಮದಲ್ಲಿ ಚರಿತ್ರೆ ಪಾಠ ಹೇಳಿ ನಿವೃತ್ತಳಾದವಳು. ಮನೆಮಾತು ಕನ್ನಡ. ನಮ್ಮದು ಮಗ್ಗದ ಮನೆ, ದೇವಾಂಗದವರು. ತಾಯಿ ದೊಡ್ಡಬಳ್ಳಾಪುರದಿಂದ ಮದುವೆಯಾಗಿ ಬಂದವರು. ತವರಿಂದ ಬರುವವರ ಕೈಲಿ ಕನ್ನಡ ವಾರಪತ್ರಿಕೆ ತರಿಸಿಕೊಂಡು ಓದುತ್ತಿದ್ದರು. ನನಗೆ ಕನ್ನಡ ಅಕ್ಷರ ಹತ್ತಿದ್ದು ಆ ಪತ್ರಿಕೆಗಳಿಂದ. ಶಾಲೆಯಲ್ಲಿ ನಾನು ಮಕ್ಕಳಿಗೆ ಕಲಿಸುತ್ತಿದ್ದದ್ದು ಹರಪ್ಪ, ಅಶೋಕ, ಪಾಣಿಪತ್. ಒಬ್ಬ ಹುಡುಗ ಎದ್ದು ನಿಂತು, "ಟೀಚರ್, ನಮ್ಮೂರಲ್ಲಿ ಏನೂ ನಡೆದೇ ಇಲ್ಲವಾ?" ಎಂದು ಕೇಳಿದ. ಅವನ ಮನೆ ಹಿಂದಿನ ಹೊಲದಲ್ಲೇ ವೇಡಿಯಪ್ಪನ ಕಲ್ಲಿತ್ತು. ಆ ಪ್ರಶ್ನೆಯ ಹಿಂದೆ ಹೊರಟು ನಾನು ಕಂಡುಕೊಂಡದ್ದು ಒಂದೇ ವಿಷಯ. ಹರೂರಿನ ಚರಿತ್ರೆ ಕಳೆದುಹೋಗಿಲ್ಲ, ಚೆದುರಿಹೋಗಿದೆ. ಕಲ್ಲು ಹೊಲದಲ್ಲಿ, ಕಲ್ಲಿನ ಪಡಿಯಚ್ಚು ಮೈಸೂರಿನಲ್ಲೋ ಚೆನ್ನೈಯಲ್ಲೋ, ಅದರ ಪಾಠ ಯಾವುದೋ ಸಂಪುಟದಲ್ಲಿ, ಕಂದಾಯದ ಕಾಗದ ಚೆನ್ನೈ ಎಗ್ಮೋರಿನ ದಾಖಲೆ ಕಚೇರಿಯಲ್ಲಿ, ಮದುವೆಯ ಮುಯ್ಯಿ ಪುಸ್ತಕ ಯಾರದೋ ಅಟ್ಟದ ಮೇಲೆ. ಇವೆಲ್ಲ ಒಂದೆಡೆ ಸಿಗಬೇಕಾದ ಹರೂರಿನಲ್ಲೇ ಹಾಗೆ ಸಿಗುವುದಿಲ್ಲ.

ನಡುಕಲ್ಲುಗಳ ಮಾತು ಮೊದಲು ಮುಗಿಸುತ್ತೇನೆ. ನಮ್ಮ ಪಕ್ಕದ ಚೆಂಗಂ ಸೀಮೆಯಲ್ಲಿ 1970ರ ದಶಕದ ಆರಂಭದಲ್ಲಿ ತಮಿಳುನಾಡು ಪುರಾತತ್ವ ಇಲಾಖೆ ಊರೂರು ತಿರುಗಿ ಇಂಥ ಕಲ್ಲುಗಳನ್ನು ಓದಿಸಿತು. ಇಲಾಖೆಯ ಮುಖ್ಯಸ್ಥರಾಗಿದ್ದ ಆರ್. ನಾಗಸ್ವಾಮಿಯವರು ಅವನ್ನು ಪುಸ್ತಕವಾಗಿ ತಂದರು. ಮುಂದೆ ಧರ್ಮಪುರಿ ಜಿಲ್ಲೆಯ ಶಾಸನಗಳೂ ಅಚ್ಚಾದವು. ಹರೂರಿಗೆ ಹತ್ತಿರದ ಇರುಳಪಟ್ಟಿಯ ಕಲ್ಲುಗಳು ತಮಿಳಿನ ಅತಿ ಹಳೆಯ ನಡುಕಲ್ಲುಗಳ ಸಾಲಿಗೆ ಸೇರಿದವು. ಚೆಂಗಂ ಕಡೆಯ ಎಡುತ್ತನೂರಿನಲ್ಲಿ ಒಂದು ಕಲ್ಲಿದೆ. ಯಜಮಾನ ಸತ್ತ ಮೇಲೂ ಬಿಡದೆ ಕಳ್ಳರ ಮೇಲೆ ಬಿದ್ದ ಕೋವಿವನ್ ಎಂಬ ನಾಯಿಯ ಹೆಸರನ್ನು ಅದರ ಮೇಲೆ ಕೆತ್ತಿದ್ದಾರೆ. ಮಹೇಂದ್ರವರ್ಮನ ಕಾಲದ್ದು, ಏಳನೆಯ ಶತಮಾನದ ಮೊದಲ ಭಾಗ. ಕರ್ನಾಟಕದ ಓದುಗರಿಗೆ ಕೂಡಲೇ ಆತಕೂರು ನೆನಪಾಗುತ್ತದೆ. ಮದ್ದೂರು ತಾಲೂಕಿನ ಆ ಊರಿನಲ್ಲಿ ಹಂದಿಯೊಡನೆ ಕಾದಾಡಿ ಸತ್ತ ಕಾಳಿ ಎಂಬ ನಾಯಿಗೆ ಹತ್ತನೆಯ ಶತಮಾನದ ನಡುವಿನಲ್ಲಿ ಕಲ್ಲು ನಿಲ್ಲಿಸಿದರು. ಎರಡಕ್ಕೂ ನಡುವೆ ಮುನ್ನೂರು ವರ್ಷಗಳ ಅಂತರವಿದೆ, ಭಾಷೆ ಬೇರೆ, ಲಿಪಿ ಬೇರೆ. ಆದರೆ ನಿಯತ್ತಿನಿಂದ ಸತ್ತ ನಾಯಿಗೂ ಕಲ್ಲು ನೆಡಬೇಕು ಎಂದುಕೊಂಡ ಜನ ಒಂದೇ ಬಗೆಯವರು. ತರಗತಿಯಲ್ಲಿ ಈ ಎರಡು ನಾಯಿಗಳ ಕತೆ ಹೇಳಿದ ದಿನ ಮಕ್ಕಳು ಗಂಟೆ ಹೊಡೆದರೂ ಏಳಲಿಲ್ಲ.

ಧರ್ಮಪುರಿಗೆ ಹಿಂದೆ ತಗಡೂರು ಎಂದು ಹೆಸರು. ಕವಯಿತ್ರಿ ಔವೈಯಾರಿಗೆ ನೆಲ್ಲಿಕಾಯಿ ಕೊಟ್ಟ ಅದಿಯಮಾನ್ ನೆಡುಮಾನ್ ಅಂಜಿಯ ಊರು ಎಂದು ತಮಿಳು ಮಕ್ಕಳೆಲ್ಲ ಬಲ್ಲರು. ಆ ಅಂಜಿ ಬರೀ ಪದ್ಯದ ಅರಸನಲ್ಲ ಎಂಬುದಕ್ಕೆ ಕಲ್ಲಿನ ಸಾಕ್ಷಿ ಸಿಕ್ಕಿದ್ದು 1981ರಲ್ಲಿ, ತಿರುಕ್ಕೋಯಿಲೂರು ಹತ್ತಿರದ ಜಂಬೈಯ ಗುಡ್ಡದಲ್ಲಿ. ಅಶೋಕನ ಶಾಸನಗಳಲ್ಲಿ ಬರುವ ಸತಿಯಪುತ್ರರು ಯಾರೆಂಬ ಹಳೆಯ ಚರ್ಚೆಗೆ ಅಲ್ಲಿನ ತಮಿಳು ಬ್ರಾಹ್ಮಿ ಬರಹ ಉತ್ತರ ಕೊಟ್ಟಿತು. ಅದನ್ನು ಮೊದಲು ಕಂಡದ್ದು ಪುರಾತತ್ವ ಇಲಾಖೆಯ ಶಾಸನ ತರಬೇತಿಯ ಒಬ್ಬ ವಿದ್ಯಾರ್ಥಿ. ನಂದಿಬೆಟ್ಟದಲ್ಲಿ ಹುಟ್ಟಿ, ಹೊಸೂರು, ಕೃಷ್ಣಗಿರಿ ದಾಟಿ, ನಮ್ಮ ಹರೂರು ತಾಲೂಕನ್ನು ಮುಟ್ಟಿ ಹರಿಯುವ ದಕ್ಷಿಣ ಪಿನಾಕಿನಿಯೇ ತಿರುಕ್ಕೋಯಿಲೂರಿಗೂ ಹೋಗುತ್ತದೆ. ಹೊಳೆಗುಂಟ ಚರಿತ್ರೆಯೂ ಹರಿದಿದೆ.

ತಮಿಳು ಪಠ್ಯ ಹೇಳದ ಇನ್ನೊಂದು ಕತೆ ತಗಡೂರಿಗಿದೆ. ಅದು ನೊಳಂಬರ ಕತೆ. ಹೇಮಾವತಿ ಎಂಬ ಊರಿನಿಂದ ಆಳಿದ ಈ ಅರಸರು ಒಂಬತ್ತನೆಯ ಶತಮಾನದಲ್ಲಿ ಇಲ್ಲಿಯವರೆಗೂ ಬಂದರು. ಧರ್ಮಪುರಿಯಲ್ಲಿ ದೊರೆತ ಒಂದು ಕಂಬದ ಮೇಲೆ ಶಕ ವರ್ಷ 815ರ, ಅಂದರೆ ಕ್ರಿ.ಶ. 893ರ ಬರಹವಿದೆ. ನೊಳಂಬ ಮಹೇಂದ್ರನ ಕಾಲದಲ್ಲಿ ನಿಧಿಯಣ್ಣ, ಚಂಡಿಯಣ್ಣ ಎಂಬ ಇಬ್ಬರು ತಗಡೂರಿನಲ್ಲಿ ಒಂದು ಬಸದಿ ಕಟ್ಟಿಸಿದರು. ಅದರ ಪೂಜೆಗೂ ಜೀರ್ಣೋದ್ಧಾರಕ್ಕೂ ಮೂಲಪಳ್ಳಿ ಎಂಬ ಊರನ್ನು ಕನಕಸೇನ ಸಿದ್ಧಾಂತ ಭಟಾರರಿಗೆ ಬಿಟ್ಟುಕೊಟ್ಟರು. ಇದನ್ನು ಓದಿ ಎಪಿಗ್ರಾಫಿಯಾ ಇಂಡಿಕಾದ 10ನೆಯ ಸಂಪುಟದಲ್ಲಿ ಪ್ರಕಟಿಸಿದವರು ಹೊಸಕೋಟೆ ಕೃಷ್ಣಶಾಸ್ತ್ರಿಗಳು. ನೂರು ವರ್ಷಗಳಿಗೂ ಹಿಂದಿನ ಮಾತು. ಧರ್ಮಪುರಿಯ ಕೋಟೆ ದೇವಾಲಯಗಳಿಗೆ ಹೋದವರು ಕಾಮಾಕ್ಷಿ ಗುಡಿಯ ಅಧಿಷ್ಠಾನದ ಸುತ್ತ ಬಗ್ಗಿ ನೋಡಬೇಕು. ಗೇಣುದ್ದದ ಚೌಕಗಳಲ್ಲಿ ರಾಮಾಯಣ ಇದೆ, ನೊಳಂಬರ ಕೈಚಳಕದ ಗುರುತು ಹೊತ್ತುಕೊಂಡು.

ಈ ಮಹೇಂದ್ರನ ಹೆಸರನ್ನು ಬೆಂಗಳೂರಿನವರು ಬೇರೆ ಕಡೆ ನೋಡಿರುತ್ತಾರೆ. ಕಬ್ಬನ್ ಪಾರ್ಕಿನ ಪಕ್ಕದ ಸರ್ಕಾರಿ ವಸ್ತು ಸಂಗ್ರಹಾಲಯದಲ್ಲಿರುವ ಬೇಗೂರಿನ ದೊಡ್ಡ ವೀರಗಲ್ಲಿನಲ್ಲಿ ನಾಗತ್ತರ ಎಂಬ ವೀರ ತುಂಬೆಪಾಡಿಯಲ್ಲಿ ಬೀರಮಹೇಂದ್ರನ ಸೈನ್ಯದೆದುರು ಹೋರಾಡಿ ಮಡಿದ ಸಂಗತಿ ಇದೆ. ಆ ಬೀರಮಹೇಂದ್ರ ಈ ನೊಳಂಬ ಮಹೇಂದ್ರನೇ ಎಂದು ಕೆಲವು ವಿದ್ವಾಂಸರು ಗುರುತಿಸಿದ್ದಾರೆ. ಬೆಂಗಳೂರು ಎಂಬ ಹೆಸರನ್ನು ಮೊದಲು ಹೇಳುವ ಕಲ್ಲು ಬೇಗೂರಿನಲ್ಲೇ ಇದೆ, ಅದರಲ್ಲಿ ಬರುವುದೂ ಇದೇ ನಾಗತ್ತರನ ಕಡೆಯವನ ಹೆಸರು. ಬೆಂಗಳೂರಿನ ಮೊದಲ ಪುಟ ಓದಲು ಕುಳಿತವನಿಗೆ ಧರ್ಮಪುರಿಯ ಕಂಬವೂ ಬೇಕು. ಧರ್ಮಪುರಿಯ ಕಂಬವನ್ನು ಅರ್ಥ ಮಾಡಿಕೊಳ್ಳಬೇಕೆಂದರೆ ಬೇಗೂರಿನ ಕಲ್ಲೂ ಬೇಕು. 1956ರಲ್ಲಿ ಭಾಷೆಯ ಮೇಲೆ ರಾಜ್ಯ ವಿಂಗಡಿಸಿ ಎಳೆದ ಗೆರೆ ಮಹೇಂದ್ರನಿಗೂ ನಾಗತ್ತರನಿಗೂ ಗೊತ್ತಿರಲಿಲ್ಲ.

ಆ ಗೆರೆ ಪುಸ್ತಕಗಳ ಮೇಲೆ ಮೊದಲೇ ಬಿದ್ದಿತ್ತು. ಬಿ. ಎಲ್. ರೈಸ್ 1886ರಿಂದ 1905ರವರೆಗೆ ಎಪಿಗ್ರಾಫಿಯಾ ಕರ್ನಾಟಿಕಾದ 12 ಸಂಪುಟಗಳನ್ನು ತಂದರು. ಕನ್ನಡಿಗರು ಎಷ್ಟು ನೆನೆದರೂ ಕಡಿಮೆಯೇ. ಆದರೆ ಅವರು ಸುತ್ತಿದ್ದು ಮೈಸೂರು ಸಂಸ್ಥಾನ, ಕೊಡಗು. ಕೋಲಾರ, ಬೆಂಗಳೂರು ಸಂಪುಟಗಳಲ್ಲಿ ತಮಿಳು ಶಾಸನಗಳು ಬೇಕಾದಷ್ಟಿವೆ, ಏಕೆಂದರೆ ಆ ಊರುಗಳು ಸಂಸ್ಥಾನದ ಒಳಗಿದ್ದವು. ಸೇಲಂ ಜಿಲ್ಲೆ ಮದ್ರಾಸ್ ಪ್ರಾಂತದ್ದು, ಹಾಗಾಗಿ ಇಲ್ಲಿಯ ಕನ್ನಡ ಶಾಸನಗಳು ಆ ಸಂಪುಟಗಳ ಹೊರಗೆ ಉಳಿದವು. ಮದ್ರಾಸ್ ಪ್ರಾಂತದ ಕನ್ನಡ ಶಾಸನಗಳಿಗಾಗಿ ದಕ್ಷಿಣ ಭಾರತ ಶಾಸನ ಮಾಲೆಯ 9ನೆಯ ಸಂಪುಟ ಬರುವ ಹೊತ್ತಿಗೆ 1939 ಆಗಿತ್ತು. ಇವತ್ತು ಬೆಂಗಳೂರಿನ ಸಾಮಾನ್ಯ ಓದುಗ ನೊಳಂಬರ ಬಗ್ಗೆ ಓದಿದರೂ ಧರ್ಮಪುರಿ ಅವನ ಮನಸ್ಸಿನಲ್ಲಿ ಬರುವುದಿಲ್ಲ, ಧರ್ಮಪುರಿಯ ಹುಡುಗನಿಗೆ ನೊಳಂಬರ ಹೆಸರೇ ಗೊತ್ತಿಲ್ಲ. ತಪ್ಪು ಇಬ್ಬರದೂ ಅಲ್ಲ. ಆಡಳಿತದ ಅನುಕೂಲಕ್ಕೆ ಮಾಡಿದ ವಿಂಗಡಣೆಯನ್ನು ನಾವು ಚರಿತ್ರೆಯ ವಿಂಗಡಣೆ ಎಂದು ನಂಬಿಬಿಟ್ಟೆವು.

ಪಡಿಯಚ್ಚು ಎಂದೆನಲ್ಲ, ಅದನ್ನು ವಿವರಿಸುತ್ತೇನೆ, ಏಕೆಂದರೆ ಕಲ್ಲಿಗಿಂತ ಕೆಲವು ಸಲ ಅದೇ ಹೆಚ್ಚು ಬಾಳುತ್ತದೆ. ಶಾಸನದ ಕಲ್ಲನ್ನು ನೀರಿನಿಂದ ತೊಳೆದು, ನೆನೆಸಿದ ಕಾಗದವನ್ನು ಮೇಲೆ ಹಾಸಿ, ಗಟ್ಟಿ ಕೂದಲಿನ ಬ್ರಷ್ಷಿನಿಂದ ಸಮನಾಗಿ ಬಡಿಯುತ್ತಾರೆ. ಕಾಗದ ಅಕ್ಷರದ ಕುಳಿಯೊಳಗೆ ಇಳಿದು ಕೂರುತ್ತದೆ. ಅರೆ ಒಣಗಿದ ಮೇಲೆ ಶಾಯಿ ಹಚ್ಚಿದ ಮೆತ್ತೆಯಿಂದ ತಟ್ಟಿದರೆ ಉಬ್ಬಿದ ಭಾಗ ಕಪ್ಪಾಗಿ ಅಕ್ಷರ ಬೆಳ್ಳಗೆ ಉಳಿಯುತ್ತದೆ. ಸರ್ಕಾರದ ಶಾಸನ ಇಲಾಖೆ ಶಾಸನತಜ್ಞ ಹುಲ್ಷ್ ಅವರ ಕೈಯಲ್ಲಿ 1886ರಲ್ಲಿ ಶುರುವಾಗಿ, ಊಟಿಗೆ ಹೋಗಿ, 1966ರಲ್ಲಿ ಮೈಸೂರಿಗೆ ಬಂತು. ದಕ್ಷಿಣದ ಸಾವಿರಾರು ಪಡಿಯಚ್ಚುಗಳು ಅದರ ಜೊತೆಗೇ ಬಂದವು. ತಮಿಳು ಶಾಸನಗಳ ಪಡಿಯಚ್ಚುಗಳನ್ನು ಚೆನ್ನೈಗೆ ಸಾಗಿಸಬೇಕೆಂದು ಮದ್ರಾಸ್ ಹೈಕೋರ್ಟಿನ ಮದುರೈ ಪೀಠ 2021ರಲ್ಲಿ ಹೇಳಿತು. ಆಗ ಎರಡೂ ಕಡೆಯ ಪತ್ರಿಕೆಗಳಲ್ಲಿ ನಡೆದ ವಾದವನ್ನು ನಾನು ಎರಡೂ ಭಾಷೆಗಳಲ್ಲಿ ಓದಿದೆ. ನನ್ನ ಅಭಿಪ್ರಾಯ ಸರಳವಾದದ್ದು. ಪಡಿಯಚ್ಚು ಮೈಸೂರಿನಲ್ಲಿರಲಿ, ಚೆನ್ನೈಯಲ್ಲಿರಲಿ, ತಣ್ಣಗಿನ ಒಣ ಕೋಣೆಯಲ್ಲಿ ಭದ್ರವಾಗಿರಲಿ. ಅದರ ಒಳ್ಳೆಯ ಚಿತ್ರವೊಂದು ಕಲ್ಲು ನಿಂತಿರುವ ಊರಿನ ಮಕ್ಕಳಿಗೆ ಸಿಗಬೇಕು. ಮೂಲ ಎಲ್ಲಿರಬೇಕೆಂದು ಜಗಳವಾಡುವಷ್ಟು ಹುರುಪನ್ನು ಪ್ರತಿ ಹಂಚುವುದರಲ್ಲಿ ತೋರಿಸಿದ್ದರೆ ಈ ಹೊತ್ತಿಗೆ ಪ್ರತಿಯೊಂದು ತಾಲೂಕಿನ ಗ್ರಂಥಾಲಯದಲ್ಲೂ ಆ ತಾಲೂಕಿನ ಶಾಸನಗಳ ಕಡತ ಇರುತ್ತಿತ್ತು.

ಕಾಗದದ ದಾಖಲೆಗಳದ್ದೂ ಇದೇ ಪಾಡು. 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಟಿಪ್ಪು ಸುಲ್ತಾನ ಬಿಟ್ಟುಕೊಟ್ಟ ನಾಡುಗಳಲ್ಲಿ ಆಗ ಬಾರಾಮಹಲ್ ಎನ್ನುತ್ತಿದ್ದ ನಮ್ಮ ಸೀಮೆಯೂ ಒಂದು. ಅಲೆಗ್ಸಾಂಡರ್ ರೀಡ್ ಅದರ ಆಡಳಿತಕ್ಕೆ ಬಂದ. ಅವನ ಕೈಕೆಳಗೆ ಥಾಮಸ್ ಮನ್ರೋ 1799ರವರೆಗೆ ಈ ಸೀಮೆಯಲ್ಲಿ ಹೊಲ ಹೊಲ ಅಳೆದ. ರೈತವಾರಿ ಪದ್ಧತಿಯ ಮೊದಲ ಪ್ರಯೋಗ ನಡೆದದ್ದು ಈ ಮಣ್ಣಿನಲ್ಲಿ. ಆ ಕಾಲದ ವರದಿಗಳನ್ನು ಮದ್ರಾಸ್ ಸರ್ಕಾರ ಬಾರಾಮಹಲ್ ರೆಕಾರ್ಡ್ಸ್ ಎಂದು 20ನೆಯ ಶತಮಾನದ ಆರಂಭದಲ್ಲಿ ಭಾಗ ಭಾಗವಾಗಿ ಅಚ್ಚು ಹಾಕಿಸಿತು. ಲೆ ಫಾನು ಬರೆದ ಸೇಲಂ ಮ್ಯಾನ್ಯುಯಲ್ 1883ರದ್ದು, ರಿಚರ್ಡ್ಸ್ ಅವರ ಗೆಜೆಟಿಯರ್ 1918ರದ್ದು. ನಮ್ಮೂರಿನ ಕೆರೆ, ಸಂತೆ, ಬರ, ಕುಲಕಸುಬು ಎಲ್ಲ ಅವುಗಳಲ್ಲಿವೆ. 1965ರ ಅಕ್ಟೋಬರ್ 2ರವರೆಗೆ ಹರೂರು ಸೇಲಂ ಜಿಲ್ಲೆಯಲ್ಲಿತ್ತು, ಆಮೇಲೆ ಧರ್ಮಪುರಿ ಜಿಲ್ಲೆಗೆ ಬಂತು, 2004ರಲ್ಲಿ ಧರ್ಮಪುರಿಯೂ ಒಡೆದು ಕೃಷ್ಣಗಿರಿ ಬೇರೆಯಾಯಿತು. ಒಂದು ಹಳೆಯ ಕಡತ ಬೇಕೆಂದವನು ಮೊದಲು ಯಾವ ವರ್ಷದ್ದೆಂದು ಕೇಳಿ, ಆ ವರ್ಷ ಹರೂರು ಯಾರ ಕೈಯಲ್ಲಿತ್ತೆಂದು ನೋಡಿ, ಆಮೇಲೆ ಬಸ್ಸು ಹತ್ತಬೇಕು.

ಇಷ್ಟೆಲ್ಲ ಚೆದುರಿದ್ದನ್ನು ಕೂಡಿಸುವ ಜಾಗ ಯಾವುದು? ಹೊಸ ಕಟ್ಟಡ, ಹೊಸ ಸಂಸ್ಥೆ ಬೇಡ. ಊರಿನ ಸಾರ್ವಜನಿಕ ಗ್ರಂಥಾಲಯ ಸಾಕು. ಸ್ವತಂತ್ರ ಭಾರತದಲ್ಲಿ ಮೊದಲ ಗ್ರಂಥಾಲಯ ಕಾಯಿದೆ ಬಂದದ್ದು ಮದ್ರಾಸ್ ಪ್ರಾಂತದಲ್ಲಿ, 1948ರಲ್ಲಿ. ಎಸ್. ಆರ್. ರಂಗನಾಥನ್ ಅವರು ವರ್ಷಗಟ್ಟಲೆ ದುಡಿದ ಫಲ ಅದು. ಆಸ್ತಿ ತೆರಿಗೆಯ ಜೊತೆಗೆ ಗ್ರಂಥಾಲಯ ಕರ ಎಂದು ಒಂದು ಸಣ್ಣ ಪಾಲನ್ನು ಜನ ಕಟ್ಟುತ್ತಾರೆ, ಅದರಿಂದ ಊರಿನ ಗ್ರಂಥಾಲಯ ನಡೆಯುತ್ತದೆ. ಕರ್ನಾಟಕದಲ್ಲಿ 1965ರಲ್ಲಿ ಇಂಥದೇ ಕಾಯಿದೆ ಬಂತು. ರಂಗನಾಥನ್ ಅವರು ಕೊನೆಗಾಲವನ್ನು ಬೆಂಗಳೂರಿನಲ್ಲೇ ಕಳೆದರು, 1962ರಲ್ಲಿ ಅಲ್ಲಿ ಶುರುವಾದ ದಾಖಲೆ ಸಂಶೋಧನೆ ಮತ್ತು ತರಬೇತಿ ಕೇಂದ್ರಕ್ಕೆ ಜೀವ ತುಂಬಿದರು. ಅಂದರೆ ಹರೂರಿನ ಹೂವಿನ ಅಂಗಡಿಯಾಕೆಯೂ ಹೊಸಕೋಟೆಯ ಗ್ಯಾರೇಜಿನವನೂ ತಮ್ಮ ಊರಿನ ಗ್ರಂಥಾಲಯಕ್ಕೆ ದುಡ್ಡು ಕೊಟ್ಟವರೇ. ಅಲ್ಲಿ ಸ್ಪರ್ಧಾ ಪರೀಕ್ಷೆಯ ಪುಸ್ತಕ ಇರಲಿ, ದಿನಪತ್ರಿಕೆ ಇರಲಿ. ತಮ್ಮ ಊರಿನ ಬಗ್ಗೆ ಅಚ್ಚಾದ ಪ್ರತಿಯೊಂದು ಹಾಳೆಯೂ ಅಲ್ಲಿ ಸಿಗಬೇಕೆಂದು ಕೇಳುವ ಹಕ್ಕು ಅವರಿಗಿದೆ.

ಹರೂರಿನಲ್ಲಿ ನಾವು ಕೆಲವರು ಕೇಳಿದ್ದು ಅಷ್ಟೇ. ಒಂದು ಕಪಾಟು. ನಮ್ಮ ಗುಂಪಿಗೆ ಹೆಸರಿಲ್ಲ, ನೋಂದಣಿಯಿಲ್ಲ. ಅರಿಶಿನದ ಮಂಡಿ ನಡೆಸುವವರೊಬ್ಬರು, ಕಾಲೇಜಿನ ತಮಿಳು ಮೇಷ್ಟ್ರು, ಚಿತ್ತೇರಿ ಬೆಟ್ಟದ ಮಲೆಯಾಳಿ ಬುಡಕಟ್ಟಿನ ಒಬ್ಬ ಹುಡುಗ, ಹಳೆಯ ಗ್ರಾಮ ಲೆಕ್ಕಿಗರೊಬ್ಬರು, ನಾನು. ಸಂಪುಟಗಳಲ್ಲಿ ಹರೂರಿಗೆ ಸಂಬಂಧಪಟ್ಟ ಪುಟಗಳನ್ನು ನಕಲು ಮಾಡಿಸಿ, ತೀರ್ಥಮಲೆ ದೇವಸ್ಥಾನದ ಶಾಸನಗಳ ಪಾಠ, ನಡುಕಲ್ಲುಗಳ ಪಟ್ಟಿ, ಗೆಜೆಟಿಯರಿನ ಭಾಗ ಎಂದು ಬೇರೆ ಬೇರೆ ರಟ್ಟಿನಲ್ಲಿ ಇಟ್ಟೆವು. ತಮಿಳಿನ ಹಳೆಯ ಪುಸ್ತಕ ಎಷ್ಟೋ ಈಗ ತಮಿಳು ಇಣೈಯ ಕಲ್ವಿ ಕಳಗ ಎಂಬ ಸಂಸ್ಥೆಯ ಮಿನ್ನೂಲಗದಲ್ಲಿ, ಅಂದರೆ ಅಂತರ್ಜಾಲ ಗ್ರಂಥಾಲಯದಲ್ಲಿ, ಬಿಟ್ಟಿಯಾಗಿ ಸಿಗುತ್ತವೆ. ಮುದ್ರಿಸಿ ಇಡಲು ತಗಲುವುದು ಕಾಗದದ ಖರ್ಚು ಮಾತ್ರ.

ಒಬ್ಬ ಮನುಷ್ಯನ ಹಟ ಏನು ಮಾಡಬಲ್ಲದೆಂಬುದಕ್ಕೆ ರೋಜಾ ಮುತ್ತಯ್ಯ ಚೆಟ್ಟಿಯಾರರ ಕತೆಯನ್ನು ಗುಂಪಿಗೆ ಬಂದವರಿಗೆಲ್ಲ ಹೇಳುತ್ತೇನೆ. ಚೆಟ್ಟಿನಾಡಿನ ಕೋಟ್ಟೈಯೂರಿನಲ್ಲಿದ್ದ ಇವರು ಪುಸ್ತಕದ ಜೊತೆಗೆ ನಾಟಕದ ಕರಪತ್ರ, ಹಾಡಿನ ಚೋಪಡಿ, ಮದುವೆಯ ಕರೆಯೋಲೆ ಎಲ್ಲವನ್ನೂ ಕೂಡಿಟ್ಟರು. ಬೇರೆಯವರು ಓದಿ ಎಸೆಯುತ್ತಿದ್ದದ್ದನ್ನು ಇವರು ಎತ್ತಿಟ್ಟರು. 1992ರಲ್ಲಿ ಅವರು ತೀರಿಕೊಂಡ ಮೇಲೆ ಷಿಕಾಗೊ ವಿಶ್ವವಿದ್ಯಾಲಯ ಸಂಗ್ರಹವನ್ನು ಕೊಂಡಿತು. ಅಮೆರಿಕಕ್ಕೆ ಒಯ್ಯಲಿಲ್ಲ. ಚೆನ್ನೈಯಲ್ಲೇ 1994ರಲ್ಲಿ ಸಂಶೋಧನ ಗ್ರಂಥಾಲಯ ಸ್ಥಾಪನೆಯಾಯಿತು. ಸುಮಾರು ಒಂದು ಲಕ್ಷ ಸಾಮಗ್ರಿಗಳಿಂದ ಶುರುವಾದ ಅದು ಇವತ್ತು ತಮಿಳು ಅಧ್ಯಯನಕ್ಕೆ ಆಧಾರ. ಈ ಕತೆಯಲ್ಲಿ ನನಗೆ ಬಹಳ ಹಿಡಿಸಿದ್ದು ಸಂಗ್ರಹ ಅದರ ನಾಡಿನಲ್ಲೇ ಉಳಿಯಿತು ಎಂಬುದು.

ಕರೆಯೋಲೆ ಎಂದಾಗ ನಮ್ಮ ಮನೆಯ ಮುಯ್ಯಿ ಪುಸ್ತಕದ ಬಗ್ಗೆ ಹೇಳಲೇಬೇಕು. ಮದುವೆಗೆ ಬಂದವರು ಯಾರು, ಎಷ್ಟು ಮುಯ್ಯಿ ಮಾಡಿದರು ಎಂದು ಬರೆದಿಡುವ ಉದ್ದನೆಯ ಪುಸ್ತಕ ಅದು. ನಮ್ಮ ತಾತನ ಕೈಬರಹ. ಮಾತು ಕನ್ನಡ, ಅಕ್ಷರ ತಮಿಳು. ತಾತನಿಗೆ ಕನ್ನಡ ಅಕ್ಷರ ಬರುತ್ತಿರಲಿಲ್ಲ, ತಮಿಳಿನಲ್ಲಿ ಲೆಕ್ಕ ಬರೆದು ಅಭ್ಯಾಸ. ರಾಶಿಪುರದ ಸೋದರಮಾವ ಒಂದು ರೂಪಾಯಿ ನಾಲ್ಕಾಣೆ, ಆನೇಕಲ್ಲಿನವರು ಒಂದು ಪಂಚೆ, ದೊಡ್ಡಬಳ್ಳಾಪುರದ ಬೀಗರು ಬೆಲ್ಲ. ಮಗ್ಗದವರ ನೆಂಟಸ್ತನ ಸೇಲಂನಿಂದ ದೊಡ್ಡಬಳ್ಳಾಪುರದವರೆಗೆ ಹೇಗೆ ಹಬ್ಬಿತ್ತು, ಯಾವ ವರ್ಷ ಕೈ ಬಿಗಿಯಾಯಿತು, ಯಾವ ವರ್ಷ ಸಡಿಲವಾಯಿತು, ಎಲ್ಲ ಆ ಪುಟಗಳಲ್ಲಿದೆ. 1940ರ ದಶಕದ ನೂಲಿನ ಕಂಟ್ರೋಲ್ ಕಾಲದ ಮದುವೆಯಲ್ಲಿ ಬಟ್ಟೆಯ ಮುಯ್ಯಿಯೇ ಇಲ್ಲ, ನೇಯುವವರ ಮನೆಯ ಮದುವೆಯಲ್ಲಿ! ಅಜ್ಜಿ ಹೊಸೂರಿನ ಕಡೆಯಿಂದ ಮೊರಪ್ಪೂರಿಗೆ ಸಣ್ಣ ರೈಲಿನಲ್ಲಿ ಬಂದಿಳಿದ ಸುದ್ದಿ ಹೇಳುತ್ತಿದ್ದರು. ಧರ್ಮಪುರಿಯ ಮೂಲಕ ಓಡುತ್ತಿದ್ದ ಆ ರೈಲು 1941ರಲ್ಲಿ ನಿಂತುಹೋಯಿತು. ಯಾವ ಗೆಜೆಟಿಯರೂ ಅಜ್ಜಿಯ ಪ್ರಯಾಣವನ್ನಾಗಲಿ ನೆಂಟರ ಮುಯ್ಯಿಯನ್ನಾಗಲಿ ಬರೆಯುವುದಿಲ್ಲ. ಸೇಲಂ, ಧರ್ಮಪುರಿ ಜಿಲ್ಲೆಗಳ ಕನ್ನಡ ಮನೆಗಳಲ್ಲಿ ಇಂಥ ಪುಸ್ತಕಗಳು ಎಷ್ಟೋ ಇರಬೇಕು. ಮಕ್ಕಳು ತಮಿಳಿನಲ್ಲಿ ಓದಿ ಬೆಂಗಳೂರಿಗೋ ತಿರುಪ್ಪೂರಿಗೋ ಹೋದ ಮೇಲೆ ಮನೆ ಮಾರುವಾಗ ಅವು ಮೊದಲು ಹಳೆ ಪೇಪರಿನವನ ತಕ್ಕಡಿಗೆ ಬೀಳುತ್ತವೆ.

ಮುಯ್ಯಿ ಪ್ರೀತಿಯ ದಾಖಲೆ. ಹರೂರಿನ ಕಪಾಟಿನಲ್ಲಿ ನೋವಿನ ದಾಖಲೆಗೂ ಜಾಗ ಬೇಕು ಎಂದು ನಾನು ಹಟ ಹಿಡಿದೆ. ಚಿತ್ತೇರಿ ಬೆಟ್ಟದ ಬುಡದಲ್ಲಿ ವಾಚಾತ್ತಿ ಎಂಬ ಊರಿದೆ. 1992ರ ಜೂನ್ 20ರಂದು ಶ್ರೀಗಂಧ ಬಚ್ಚಿಟ್ಟಿದ್ದಾರೆಂದು ಅರಣ್ಯ, ಪೊಲೀಸ್, ಕಂದಾಯ ಇಲಾಖೆಗಳ ಸಿಬ್ಬಂದಿ ಈ ಬುಡಕಟ್ಟು ಊರಿನ ಮೇಲೆ ಬಿದ್ದರು. ಮನೆ ಮುರಿದರು, ಧಾನ್ಯ ಚೆಲ್ಲಿದರು, ಕುಡಿಯುವ ಬಾವಿಯನ್ನೂ ಕೆಡಿಸಿದರು. 18 ಮಹಿಳೆಯರ ಮೇಲೆ ಅತ್ಯಾಚಾರ ನಡೆಯಿತು. ಮೊದಲು ಯಾರೂ ನಂಬಲಿಲ್ಲ. ಊರಿನ ಹೆಂಗಸರು ತಮ್ಮ ಮಾತನ್ನು ಬದಲಿಸದೆ ವರ್ಷಗಟ್ಟಲೆ ಹೇಳುತ್ತಲೇ ಹೋದರು. 2011ರ ಸೆಪ್ಟೆಂಬರ್ 29ರಂದು ಧರ್ಮಪುರಿಯ ನ್ಯಾಯಾಲಯ 269 ಆರೋಪಿಗಳನ್ನೂ ತಪ್ಪಿತಸ್ಥರೆಂದಿತು. ಅಷ್ಟರಲ್ಲಿ 54 ಮಂದಿ ತೀರಿಹೋಗಿದ್ದರು, ಉಳಿದ 215 ಮಂದಿಗೆ ಶಿಕ್ಷೆಯಾಯಿತು. 2023ರ ಮಾರ್ಚಿನಲ್ಲಿ ಹೈಕೋರ್ಟಿನ ನ್ಯಾಯಮೂರ್ತಿಗಳೇ ವಾಚಾತ್ತಿಗೆ ಬಂದು ನೋಡಿದರು, ಅದೇ ವರ್ಷ ಸೆಪ್ಟೆಂಬರ್ 29ರಂದು ಶಿಕ್ಷೆಯನ್ನು ಎತ್ತಿಹಿಡಿದರು. ಊರಿನ ಚರಿತ್ರೆ ಎಂದರೆ ಅರಸರೂ ವೀರರೂ ಮಾತ್ರ ಎನ್ನುವವರೊಡನೆ ನನಗೆ ಒಪ್ಪಿಗೆಯಿಲ್ಲ. ಆ ತೀರ್ಪಿನ ಪ್ರತಿ, ಅಂದಿನ ಪತ್ರಿಕೆಯ ತುಣುಕುಗಳು ಹರೂರಿನ ಗ್ರಂಥಾಲಯದಲ್ಲಿ ಸಿಗಬೇಕು. ದನ ಉಳಿಸಲು ಸತ್ತವನಿಗೆ ಕಲ್ಲು ನೆಟ್ಟ ಸೀಮೆ, ಸತ್ಯ ಉಳಿಸಲು ಮೂವತ್ತು ವರ್ಷ ನಿಂತ ಹೆಂಗಸರ ಮಾತನ್ನು ಕಾಗದದಲ್ಲಾದರೂ ಉಳಿಸಿಕೊಳ್ಳಬೇಡವೇ?

ಜನರ ಗುಂಪು ಏನು ಮಾಡಬಹುದು ಎನ್ನುವುದಕ್ಕೆ ಈಚಿನ ಒಳ್ಳೆಯ ಮಾದರಿ ಬೆಂಗಳೂರಿನಲ್ಲಿದೆ. ರೈಸ್ ಪಟ್ಟಿ ಮಾಡಿದ ಶಾಸನಗಳಲ್ಲಿ ಎಷ್ಟು ಉಳಿದಿವೆ ಎಂದು ಕೆಲವು ಹವ್ಯಾಸಿಗಳು ಬೀದಿ ಬೀದಿ ಹುಡುಕಲು ಹೊರಟರು. 2018ರಲ್ಲಿ ಹೆಬ್ಬಾಳದಲ್ಲಿ ಮಣ್ಣು ಅಗೆಯುವಾಗ ಕಿತ್ತಯ್ಯನ ವೀರಗಲ್ಲು ಸಿಕ್ಕಿತು. ಗಂಗರ ಶ್ರೀಪುರುಷನ ಕಾಲದ್ದು, ಸುಮಾರು ಕ್ರಿ.ಶ. 750. ಊರಿನವರೇ ಮುಂದೆ ಬಂದು ಅದಕ್ಕೆ ಮಂಟಪ ಕಟ್ಟುವ ಕೆಲಸಕ್ಕೆ ಕೈಹಾಕಿದರು. 1909ರಲ್ಲಿ ಹುಟ್ಟಿದ ಮಿಥಿಕ್ ಸೊಸೈಟಿ 2021ರಿಂದ ಬೆಂಗಳೂರು ಸುತ್ತಲಿನ ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡುತ್ತಿದೆ. ಕಣ್ಣಿಗೆ ಕಾಣದಷ್ಟು ಸವೆದ ಅಕ್ಷರವೂ ಆ ಸ್ಕ್ಯಾನಿನಲ್ಲಿ ಎದ್ದು ಬರುತ್ತದೆ, ರೈಸ್ ಕಾಲದ ಪಾಠವನ್ನು ತಿದ್ದಲೂ ಆಗುತ್ತದೆ. ಕೃಷ್ಣಗಿರಿಯಲ್ಲೂ ಜಿಲ್ಲೆಯ ಚರಿತ್ರೆ ಹುಡುಕುವ ಗುಂಪು ಕೆಲಸ ಮಾಡುತ್ತಿದೆ, ಹೊಸ ನಡುಕಲ್ಲು ಸಿಕ್ಕ ಸುದ್ದಿ ಆಗಾಗ ಬರುತ್ತದೆ. ಹೊಸೂರಿನ ಆಚೆ ಈಚೆ ಇರುವ ಈ ಎರಡು ಬಗೆಯ ಜನ ಒಟ್ಟಿಗೆ ಕೂರಬೇಕೆಂಬುದು ನನ್ನ ಆಸೆ. ಒಬ್ಬರಿಗೆ ಹಳಗನ್ನಡ ಬರುತ್ತದೆ, ಇನ್ನೊಬ್ಬರಿಗೆ ವಟ್ಟೆಳುತ್ತು. ನೊಳಂಬರ ನಾಡನ್ನು ಓದಲು ಎರಡೂ ಬೇಕು.

ಹೊರಡುವ ಉತ್ಸಾಹಿಗಳಿಗೆ ಎರಡು ಮಾತು. ಕಲ್ಲಿನ ಅಕ್ಷರ ಕಾಣಲೆಂದು ಎನಾಮೆಲ್ ಬಣ್ಣ ತುಂಬಬೇಡಿ, ಆಸಿಡ್ ಹಾಕಿ ತೊಳೆಯಬೇಡಿ. ಜೀರ್ಣೋದ್ಧಾರದ ಹೆಸರಿನಲ್ಲಿ ಗುಡಿಯ ಗೋಡೆಗೆ ಮರಳು ಹೊಡೆಸಿದ ಕಡೆಯಲ್ಲೆಲ್ಲ ಸಾವಿರ ವರ್ಷದ ಅಕ್ಷರ ಪುಡಿಯಾಗಿ ಉದುರಿದೆ. ನಸುಕಿನಲ್ಲೋ ಸಂಜೆಯಲ್ಲೋ ಓರೆ ಬೆಳಕಿಗೆ ಫೋಟೊ ತೆಗೆದರೆ ಸಾಕು. ಪೂಜೆ ನಡೆಯುವ ಕಲ್ಲಾದರೆ ಮೊದಲು ಪೂಜಾರಿಯ ಅಪ್ಪಣೆ ಕೇಳಿ. ಅಷ್ಟು ಶತಮಾನ ಅದನ್ನು ಕಾಪಾಡಿದ್ದು ಅವರ ಎಣ್ಣೆ ಬತ್ತಿಯೇ, ಯಾವ ಇಲಾಖೆಯೂ ಅಲ್ಲ. ಹಳೆ ಕಾಗದ ಹರಿದಿದ್ದರೆ ಸೆಲೋಟೇಪ್ ಅಂಟಿಸಬೇಡಿ, ಲ್ಯಾಮಿನೇಷನ್ ಅಂತೂ ಬೇಡವೇ ಬೇಡ. ತಾಳೆಗರಿ ಇದ್ದರೆ ಬಿಡಿಸಲು ಹೋಗಬೇಡಿ, ನಿಂಬೆಹುಲ್ಲಿನ ಎಣ್ಣೆ ಸವರಿ ಬಿಡಿಸುವುದನ್ನು ಬಲ್ಲವರಿದ್ದಾರೆ. ಪ್ರತಿಯೊಂದು ಫೋಟೊದ ಹಿಂದೆ ಊರು, ತಾರೀಖು, ಹೇಳಿದವರ ಹೆಸರು ಬರೆಯಿರಿ. ಎಲ್ಲಿಯದು ಎಂದು ಗೊತ್ತಿಲ್ಲದ ಫೋಟೊ ಚರಿತ್ರೆಯ ಉಪಯೋಗಕ್ಕೆ ಬರುವುದಿಲ್ಲ.

ಗಡಿನಾಡಿನ ಕನ್ನಡಕ್ಕಾಗಿ ಕೆಲಸ ಮಾಡುವ ಕರ್ನಾಟಕದ ಸಂಸ್ಥೆಗಳಲ್ಲಿ ನನ್ನದೊಂದು ಬೇಡಿಕೆ. ಸಮ್ಮೇಳನ, ಸನ್ಮಾನಗಳ ಜೊತೆಗೆ ಸೇಲಂ, ಧರ್ಮಪುರಿ, ಕೃಷ್ಣಗಿರಿ ಜಿಲ್ಲೆಗಳ ಕನ್ನಡ ಶಾಸನಗಳ ಪಾಠವನ್ನು ತಮಿಳು ಅನುವಾದದೊಂದಿಗೆ ಒಂದು ಸಣ್ಣ ಪುಸ್ತಕವಾಗಿ ತಂದು ಈ ಊರುಗಳ ಗ್ರಂಥಾಲಯಗಳಿಗೆ ಕೊಡಿ. ಇಲ್ಲಿಯ ಮಕ್ಕಳು ಅದನ್ನು ತಮಿಳಿನಲ್ಲೇ ಓದಲಿ, ಅದರಿಂದ ಕನ್ನಡಕ್ಕೆ ನಷ್ಟವಿಲ್ಲ. ಇನ್ನು ಓದುಗರಲ್ಲಿ ನನ್ನ ಬೇಡಿಕೆ ಇದು. ನಿಮ್ಮ ಮನೆಯ ಪೆಟ್ಟಿಗೆಯಲ್ಲಿ ಸೇಲಂ, ಧರ್ಮಪುರಿ, ಹರೂರು ಎಂಬ ಹೆಸರಿರುವ ಕಾಗದ, ಕರೆಯೋಲೆ, ಮುಯ್ಯಿ ಪುಸ್ತಕ ಏನೇ ಇರಲಿ, ಮೂಲ ನಿಮ್ಮಲ್ಲೇ ಇರಲಿ, ಅದರ ಒಂದು ಪ್ರತಿಯನ್ನು ಆ ಊರಿನ ಗ್ರಂಥಾಲಯಕ್ಕೆ ಕಳಿಸಿಕೊಡಿ.